ಸಿಮ್ ಇಲ್ಲದ ಫೋನಿಗೆ ಬಂದ ಸಂದೇಶ

2019ರ ನವೆಂಬರ್ 14, ಮಧ್ಯಾಹ್ನ 2 ಗಂಟೆ 10 ನಿಮಿಷ. ಮಿನ್ನೆಸೋಟದ ಡುಲೂತ್‌ನಲ್ಲಿರುವ ನನ್ನ ರಿಪೇರಿ ಅಂಗಡಿಗೆ ಮಾರ್ಲಿಸ್ ಹೌಗೆನ್ ಬಂದರು. ಅವರ ಫೋನು ರಿಂಗಾಗದೆ ಎಲ್ಲ ಕರೆಗಳೂ ನೇರ ವಾಯ್ಸ್‌ಮೇಲ್‌ಗೆ ಹೋಗುತ್ತಿದ್ದವು.

"ಆಸ್ಪತ್ರೆಯವರು ಫೋನ್ ಮಾಡಿದಾಗ ಎತ್ತದಿದ್ರೆ ನಂಗೆ ಸಿಗಬೇಕಾದ ಕಿಡ್ನಿ ಇನ್ನೊಬ್ರ ಪಾಲಾಗುತ್ತೆ. ಫಿಸಿಕ್ಸ್ ಓದಿದೋನಲ್ವೇನಪ್ಪ, ಬೇಗ ಮಾಡು!"

ಸೆಟ್ಟಿಂಗ್‌ಗಳೆಲ್ಲ ಸರಿಯಿದ್ದವು. ವೈಫೈ ಆರಿಸಿ, ಸಿಮ್ ಹೊರತೆಗೆದು ಮೇಜಿನ ಮೇಲಿಟ್ಟೆ. ಕೈಯಲ್ಲಿದ್ದ ಫೋನು ತಣ್ಣಗಾಗತೊಡಗಿತು. ಹೊಸ ಸಂದೇಶದ ಸದ್ದಾಯಿತು. ಒತ್ತಿದೆ.

"ಮಾರ್ಲಿಸ್, ಕಿಡ್ನಿ ಸಿಕ್ಕಿದೆ," ಎಂದಿತು ಹೆಂಗಸಿನ ದನಿ. ಎರಡು ಸಲ ಕೆಮ್ಮಿ, "ತಕ್ಷಣ ಹೊರಡಿ," ಎಂದಿತು.

ಮಾರ್ಲಿಸ್ ಅಂಗಡಿಯ ಫೋನಿನಿಂದ ಆಸ್ಪತ್ರೆಗೆ ಕರೆ ಮಾಡಿದರು. ಅದೇ ದನಿ ಉತ್ತರಿಸಿತು: "ನಾನು ಫೋನ್ ಮಾಡೇ ಇಲ್ವಲ್ಲ ಮಾರ್ಲಿಸ್. ಇವತ್ತು ಯಾವ ಕಿಡ್ನೀನೂ ಬಂದಿಲ್ಲ."

ಸಿಮ್ ಮತ್ತೆ ಹಾಕಿದೆ. ಫೋನು ಸರಿಯಾಗಿ ರಿಂಗಾಯಿತು. ಮೂರನೆಯ ದಿನ ಆಸ್ಪತ್ರೆಯಿಂದ ನಿಜವಾದ ಕರೆ ಬಂತು. ಅದೇ ಮಾತು, ನಡುವೆ ಅದೇ ಎರಡು ಕೆಮ್ಮು ಎಂದರು ಮಾರ್ಲಿಸ್.

ಶಸ್ತ್ರಚಿಕಿತ್ಸೆಯಾಗಿ ಅವರು ಚೇತರಿಸಿಕೊಂಡರು. ವಸಂತದಲ್ಲಿ, ದಾನಿಯ ತಾಯಿ ಹೆಸರು ಹಾಕದೆ ಬರೆದಿದ್ದ ಪತ್ರವನ್ನು ನನಗೆ ತೋರಿಸಿದರು. ಮಗ ಏಣಿಯಿಂದ ಬಿದ್ದು ಪ್ರಜ್ಞೆ ತಪ್ಪಿದ ದಿನ, ಗಂಟೆ, ನಿಮಿಷ ಎಲ್ಲವೂ ಅದರಲ್ಲಿದ್ದವು. ಫೋನಿನಲ್ಲಿ ಉಳಿದಿದ್ದ ಸಂದೇಶದ ವೇಳೆಯೊಂದಿಗೆ ಎರಡು ಸಲ ಹೋಲಿಸಿ ನೋಡಿದೆ. ಹುಡುಗ ಬಿದ್ದದ್ದು ಸಂದೇಶ ಬಂದ ನಲವತ್ತೊಂದು ನಿಮಿಷಗಳ ನಂತರ.