ಒಬ್ಬರಿಗಷ್ಟೇ ರಜೆ

ವೀಸಾ ಕೊಡಲಾಗದೆಂಬ ಪತ್ರವನ್ನು ಡಾ. ಕೇಶರ ಮೂರನೇ ಸಲ ಓದುತ್ತಿದ್ದಳು. ಆಗ ಡಾ. ಮಚ್ಛೇಂದ್ರ ಒಳಗೆ ಬಂದ.

“ಏನಂತ್ರಿ?”

“ಪರೀಕ್ಷಾ ಮುಗಿಸಿ ನಾ ವಾಪಸ್ ಬರ್ತೇನಂತ ನಂಬಿಕಿ ಇಲ್ಲಂತ್ರಿ. ಮದುವಿ ಇಲ್ಲ, ಹೊಲ ಇಲ್ಲ, ನೌಕರಿ ಕಾಂಟ್ರಾಕ್ಟು.”

ಅದು 2016ರ ಬೇಸಿಗೆ. ಬೀದರ ಜಿಲ್ಲೆಯ ಔರಾದ ಆಸ್ಪತ್ರೆಯಲ್ಲಿ ಇದ್ದದ್ದು ಇವರಿಬ್ಬರೇ ಡಾಕ್ಟರು. ದುಡಿಯುವವರೆಲ್ಲ ಹೈದರಾಬಾದಿಗೆ ಗುಳೆ ಹೋಗಿದ್ದರು. ಕೆಟ್ಟ ನೀರು ಕುಡಿದು ವಾಂತಿಭೇದಿ ಹತ್ತಿದ ಮುದುಕರು, ಮಕ್ಕಳು ವರಾಂಡದ ತುಂಬ ಮಲಗಿದ್ದರು.

ಬ್ರಿಟನ್ನಿನಲ್ಲಿ ಡಾಕ್ಟರಾಗಿ ಕೆಲಸ ಮಾಡಲು ಬೇಕಾದ ಪರೀಕ್ಷೆಯ ಮೊದಲ ಭಾಗ ಇಬ್ಬರೂ ಪಾಸಾಗಿದ್ದರು. ಎರಡನೆಯದಕ್ಕೆ ಮ್ಯಾಂಚೆಸ್ಟರಿಗೇ ಹೋಗಬೇಕು. ಜೂನ್ ತಿಂಗಳ ಪರೀಕ್ಷೆಗೆ ಇಬ್ಬರಿಗೂ ಸೀಟು ಸಿಕ್ಕಿತ್ತು. ರಜೆ ಮಾತ್ರ ಒಬ್ಬರಿಗೇ ಅಂದಿದ್ದರು ಮೇಲಿನವರು. “ಮೊದಲು ನೀವು ಹೋಗ್ರಿ” ಅಂದಿದ್ದ ಮಚ್ಛೇಂದ್ರ.

ಈಗ ಲ್ಯಾಪ್‌ಟಾಪ್ ಎಳೆದುಕೊಂಡು ಕೂತ. “ಇನ್ನೊಮ್ಮಿ ಅರ್ಜಿ ಹಾಕೂನ್ರಿ. ಇಲ್ಲಿ ನಿಮಗ ಯಾರದಾರಂತ ಬರೀಲಿ?”

“ಭಾಲ್ಕಿಯೊಳಗ ಅಪ್ಪ.”

“ಅದು ಹೋದ ಸಲಾನೂ ಬರದಿದ್ವಿ.”

“ಮದುವಿ ನಿಶ್ಚಯ ಆಗ್ಯದಂತ ಬರೀರಿ.”

ಅವನ ಬೆರಳು ನಿಂತವು. “ಸುಳ್ಳು ಬರದದ್ದು ಗೊತ್ತಾದ್ರ ಹತ್ತು ವರ್ಷ ಒಳಗ ಬಿಡಂಗಿಲ್ರಿ.”

“ಹಂಗಾದ್ರ ಖರೇ ಮಾಡ್ರಿ.”

ಅವನು ತಿರುಗಿ ನೋಡಿದ. ಅವಳ ನೋಟ ಪರದೆಯ ಮೇಲಿತ್ತು, ಕಿವಿ ಮಾತ್ರ ಕೆಂಪಗಾಗಿದ್ದವು.

“ಯಾರ ಜೋಡಿ?” ಅವನು ಕೇಳಿದ.

“ಆ ಹೆಸರಿನ ಸ್ಪೆಲಿಂಗ್ ನಿಮಗೇ ಛಂದ ಗೊತ್ತದ. ನನಗ್ಯಾಕ ಕೇಳ್ತೀರಿ?”

ಭಾನುವಾರ ಅವನು ಭಾಲ್ಕಿಯಲ್ಲಿ ಅವಳ ಅಪ್ಪ ಪಂಢರಿ ಮಾಸ್ತರರ ಎದುರು ಕೂತಿದ್ದ. ಮಾಸ್ತರರು ಕೇಳಿದ್ದು ಒಂದೇ ಮಾತು: “ಅಕಿ ಹೋದ ಮ್ಯಾಲ ನೀವು?”

“ಇಲ್ಲೇ ಇರ್ತೇನ್ರಿ. ಇಬ್ರೂ ಹೋದ್ರ ವಾಪಸ್ ಬರಾಕ ಇಲ್ಲಿ ಕಾರಣಾನೇ ಉಳಿಯಂಗಿಲ್ಲ.”

ಆ ವಾರವೇ ಉಂಗುರ ಬದಲಾಯಿಸಿಕೊಂಡರು. ತಿಂಗಳಲ್ಲಿ ವೀಸಾ ಬಂತು.

ಬೀದರ ಬಸ್ ಸ್ಟ್ಯಾಂಡಿನಲ್ಲಿ, ವಿಮಾನ ಹಿಡಿಯಲು ಹತ್ತಿದ ಹೈದರಾಬಾದ್ ಬಸ್ಸಿನ ಕಿಟಕಿಯಿಂದ ಅವಳು ಕೇಳಿದಳು, “ನಿಮ್ಮ ಸೀಟು?”

“ಬಿಟ್ಟುಕೊಟ್ಟೇನಿ.”

ಅವಳ ಮುಖ ಸಣ್ಣದಾಯಿತು. “ನಾ ಹೋಗಲಿಕ್ಕ ನಿಮ್ಮನ್ನ ಇಲ್ಲಿ ಕಟ್ಟಿಹಾಕಿದಂಗಾತು.”

“ಕಟ್ಟಿಸ್ಕೊಂಡಾಂವ ನಾನೇ ಅಲ್ಲೇನ್ರಿ?”

ನಗಲು ನೋಡಿದ, ಆಗಲಿಲ್ಲ. ಬಸ್ಸು ತಿರುವು ದಾಟಿತು. ಅವನು ಔರಾದಿನ ಬಸ್ ಹತ್ತಿದ. ಮುಂದಿನ ಹನ್ನೆರಡು ದಿನ ಒಬ್ಬನೇ ಎರಡೂ ಪಾಳಿ ಮಾಡಿದ. ಅವಳು ಅಲ್ಲೇ ಉಳಿದುಬಿಟ್ಟರೆ ಎಂಬ ಅಂಜಿಕೆ ಊಟದ ಹೊತ್ತಿಗೆಲ್ಲ ಬರುತ್ತಿತ್ತು.

ಹದಿಮೂರನೇ ದಿನ ಬೆಳಗ್ಗೆ ಅವಳು ಭಾಲ್ಕಿಗೆ ಹೋಗದೆ ನೇರ ಔರಾದಿಗೇ ಬಂದಳು. ಬ್ಯಾಗ್ ಬಾಗಿಲಲ್ಲಿಟ್ಟು ಕೋಟು ಹಾಕಿಕೊಂಡಳು.

“ಹ್ಯಾಂಗಾತು ಪರೀಕ್ಷಾ?”

“ಛಲೋ ಆಗ್ಯದ್ರಿ. ರಿಜಲ್ಟ್ ಮುಂದಿನ ತಿಂಗಳ. ಈಗ ನೀವು ಹೊಸ ತಾರೀಖು ತಗೋರಿ. ನಾ ಇಲ್ಲೇ ಇರ್ತೇನಿ.”

“ಇಬ್ರೂ ಕೂಡಿ ಯಾವಾಗ ಹೋಗೂದು, ಕೇಶರ?”

‘ಡಾಕ್ಟರ್’ ಇಲ್ಲದೆ ಅವನು ಕರೆದದ್ದು ಅದೇ ಮೊದಲು. ಸರದಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವಳು ಅವನ ಕೈ ಹಿಡಿದಳು, ಬಿಡಲಿಲ್ಲ.

“ಗೊತ್ತಿಲ್ರಿ,” ಅಂದಳು.