ಚಂದ್ರನ ಮೇಲೆ ಮಾತು ಜಾಸ್ತಿ

"ಇದೋ ನೋಡು ಗೆಳೆಯಾ, ಎದುರಿಗೆ ಎಂಥ ಬೆಟ್ಟ... ಪಕ್ಕದಲ್ಲಿ ಎಂಥ ಹಳ್ಳ!"

ಪರದೆಯ ಮೇಲೆ ನಾಯಕ ಕೈ ಚಾಚಿದ. ಬೆಟ್ಟವೂ ಹಳ್ಳವೂ ಎಲ್ಲರ ಕಣ್ಣೆದುರೇ ಇದ್ದವು.

"ಕಾಣ್ತಾ ಅದೆ, ಬುಡಯ್ಯ," ಎಂದು ಮುಂದಿನ ಬೆಂಚಿನಿಂದ ಯಾರೋ ಕೂಗಿದರು. ಇಡೀ ಟಾಕೀಸು ನಕ್ಕಿತು.

ಹೆಂಗಸರ ಸಾಲಿನಲ್ಲಿದ್ದ ವಸಂತಳ ಕಣ್ಣು ತುಂಬಿತು. ಆ ಚಂದ್ರಲೋಕವೆಲ್ಲ ಅವಳ ಕುಂಚದಿಂದ ಬಂದದ್ದು. ರಷ್ಯದವರು ಮನುಷ್ಯನನ್ನು ಆಕಾಶಕ್ಕೆ ಕಳಿಸಿದ ಮರುವರ್ಷ, ನಜರ್‌ಬಾದಿನ ಈ ಹುಡುಗಿಗೆ ಸ್ಟುಡಿಯೋದಲ್ಲಿ ಸಿಕ್ಕಿದ ಮೊದಲ ಕೆಲಸ. ಸಿನಿಮಾ ಶುಕ್ರವಾರಕ್ಕೆ ಎತ್ತಂಗಡಿಯಾದರೆ ಇನ್ನೊಂದು ಕೆಲಸ ಕೇಳಬೇಡ ಎಂದು ನಿರ್ಮಾಪಕರು ಮುಖಕ್ಕೇ ಹೇಳಿದ್ದರು.

ಇಂಟರ್ವಲ್ಲಿನಲ್ಲಿ ಸೋಡಾ ಅಂಗಡಿ ಹತ್ತಿರ ಅವನು ಸಿಕ್ಕಿದ. ಸುಂದರೇಶ! ಮುಹೂರ್ತದ ದಿನ ದೂರದಿಂದ ನೋಡಿದ್ದ ಮುಖ.

"ನೀವೇ ಅಲ್ವೇನ್ರೀ, ಮಾತು ಬರೆದೋರು?"

"ಹೌದು. ತಾವು?"

"ನೀವು ಹಾಳು ಮಾಡಿದ ಚಂದ್ರ ನಂದು."

ಅವನಿಗೂ ಸಿಟ್ಟು ಬಂತು. "ಬರೀ ಬಣ್ಣ ತೋರಿಸಿದ್ರೆ ಸಾಲ್ದು ಕಣ್ರೀ. ಕಥೆ ಅಂತ ಒಂದು ಬೇಕು."

"ಇದ್ರಲ್ಲಿ ಎಲ್ಲಿದೆ, ತೋರಿಸಿ ನೋಡೋಣ."

ಸುಂದರೇಶ ಸೋಡಾ ಬಾಟಲಿ ಕೆಳಗಿಟ್ಟ.

"ನಾನು ನಾಟಕ ಕಂಪನಿಯೋನು. ಅಲ್ಲಿ ಅರಮನೆಗೂ ಕಾಡಿಗೂ ಒಂದೇ ಪರದೆ. ಕಾಡು ಅಂತ ಪಾತ್ರ ಬಾಯಿಬಿಟ್ಟು ಹೇಳ್ದಿದ್ರೆ ಜನಕ್ಕೆ ಕಾಡು ಕಾಣ್ತಿರ್ಲಿಲ್ಲ."

"ನನ್ನ ಚಂದ್ರನೂ ಅದೇ ಹರಕು ಪರದೆ ಅಂದ್ಕೊಂಡ್ರಾ?"

"...ಹೌದು. ಸೆಟ್ ಕಡೆ ಬರಲೇ ಇಲ್ಲ. ಇವತ್ತೇ ನೋಡಿದ್ದು."

ನೋಡದೆಯೇ ಬರೆದನಂತೆ! ವಸಂತಳಿಗೆ ಮೈಯೆಲ್ಲ ಉರಿಯಿತು.

"ಇನ್ಮೇಲೆ ನಂಗೆ ಮುಖ ತೋರಿಸ್ಬೇಡಿ."

ಅವನೋ ಭಂಡ, ಮರುದಿನವೂ ಬಂದ. ಇವಳೂ ಬಂದಳು. ಪರದೆಯ ಮೇಲೆ ಅದೇ ಮಾತು, ಟಾಕೀಸಿನ ತುಂಬ ಅದೇ ನಗು. ದೂರದಿಂದಲೇ ಇವಳು ಅವನನ್ನು ದುರುಗುಟ್ಟಿ ನೋಡಿದಳು.

ಗುರುವಾರದ ಮ್ಯಾಟಿನಿ. ಚಂದ್ರಲೋಕ ಬಂತು. ನಾಯಕ ಕೈ ಚಾಚಿದ, ಬಾಯಿ ತೆರೆದ... ಸದ್ದೇ ಇಲ್ಲ!

ಉಳಿದಿದ್ದ ಒಂದು ದಿನವನ್ನೂ ಕೆಡಿಸಿದರೇ? ವಸಂತ ಮೆಟ್ಟಿಲು ಹತ್ತಿ ಮೇಲಿನ ಮಷಿನ್ ಕೋಣೆಗೆ ನುಗ್ಗಿದಳು. ಸೌಂಡಿನ ತಿರುಪಿನ ಮೇಲೆ ಸುಂದರೇಶನ ಕೈಯಿತ್ತು.

"ಮತ್ತೆ ನೀವೇನಾ? ಇದೇನ್ರೀ ಹೊಸ ಅನಾಹುತ?"

ಆಪರೇಟರ್ ಜವರಪ್ಪ ಅಡ್ಡ ಬಂದ. "ಬಯ್ಬೇಡ ಕಣವ್ವ. ಈ ಸೀನಿಗೆ ಸೌಂಡ್ ನಿಲ್ಸೋಕೆ ಬೆಳಿಗ್ಗೆಯಿಂದ ಟಾಕೀಸ್ ಓನರ್ ಕೈಕಾಲು ಹಿಡ್ದು ಒಪ್ಪಿಸ್ಕೊಂಡು ಬಂದವ್ರೆ."

ಅವಳು ಗೋಡೆಯ ಕಿಂಡಿಯಿಂದ ಕೆಳಗೆ ಇಣುಕಿದಳು. ಯಾರೂ ನಗುತ್ತಿರಲಿಲ್ಲ. ಮುಂದಿನ ಬೆಂಚಿನವರು ಕತ್ತೆತ್ತಿ ಸುಮ್ಮನೆ ಕೂತಿದ್ದರು. ಕಪ್ಪು ಆಕಾಶದಲ್ಲಿ ಭೂಮಿ ಮೇಲೆದ್ದಾಗ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು.

"ಇನ್ನೊಂದು ವಾರ ಓಡಲಿ," ಎಂದು ಬಾಗಿಲಲ್ಲಿ ನಿಂತಿದ್ದ ಓನರ್ ಹೇಳಿ ಇಳಿದುಹೋದರು.

ವಸಂತ ಬಯ್ಯಲು ಮಾತು ಹುಡುಕಿದಳು. ತಾನು ಬರೆದ ಮಾತಿನ ಕತ್ತನ್ನು ತಾನೇ ಹಿಸುಕುವವನನ್ನು ಏನೆಂದು ಬಯ್ಯುವುದು?

"ನಿಮ್ಮ ಮಾತೆಲ್ಲ ಹೋಯ್ತಲ್ರೀ."

"ಹೋಗ್ಲಿ. ನಿಮ್ಮ ಚಂದ್ರ ಉಳೀತು."

ಅವನು ಗಂಟಲು ಸರಿಮಾಡಿಕೊಂಡ. "ವಸಂತಮ್ಮೋರೇ, ನನ್ನ ಎದೆಯೊಳಗೆ ಈಗ ಎಂಥ..."

"ಕಾಣ್ತಾ ಇದೆ, ಬಿಡಿ."

ಅವಳು ಸ್ಟೂಲ್ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

"ಮತ್ತೆ... ನಿಮ್ಮ ಎದೆಯೊಳಗೆ?"

"ಕಣ್ಣಿಲ್ವಾ ನಿಮಗೆ? ಈ ಸಲನಾದ್ರೂ ನೋಡಿ."