ಬಾಣ ತೆರೆದ ಹಿಂಬಾಗಿಲು

ಬೆಳಿಗ್ಗೆ ಹತ್ತೂಕಾಲು. ಜಯನಗರದ ಆ ಪುಟ್ಟ ಆಫೀಸಿನ ಫೋನು ಒಂದೇ ಸಮ ಹೊಡೆದುಕೊಂಡಿತು. ತಿಲಕ್ ನಗರದಲ್ಲಿ ಲೇಡೀಸ್ ಹಾಸ್ಟೆಲ್ ನಡೆಸುವ ಇಂದ್ರಾಣಿ.

"ಏನ್ರೀ ಇದು? ನಮ್ಮ ಗುಟ್ಟನ್ನ ಊರಿಗೆಲ್ಲ ಡಂಗುರ ಸಾರಿದ್ದೀರಲ್ಲ!"

ಹಾಸ್ಟೆಲಿನ ವೆಬ್ ಪುಟದ ತಳದಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಸಾಲು: 'ಹಿಂಬಾಗಿಲು. ಕೀ ತುಳಸಿ ಕುಂಡದಡಿ. -->'

ನಲವತ್ತು ಹುಡುಗಿಯರಿರುವ ಮನೆ. ಪುಟ ಮಾಡಿಕೊಟ್ಟ ಈ ಆಫೀಸಿನ ಮಾಲೀಕ ಪ್ರಸನ್ನ ಬೆವೆತುಹೋದ. ಪುಟ ಇಳಿಸಿದರು. ಬೀಗ ಬದಲಾಯಿತು. ಆಮೇಲೆ ಬೆರಳು ಹಾಸ್ಟೆಲಿನ ಪುಟ ನೋಡಿಕೊಳ್ಳುವ ಕಲ್ಯಾಣಿಯತ್ತ ತಿರುಗಿತು.

ಕೋಡ್ ಗೊತ್ತಿಲ್ಲದವರೂ ವೆಬ್ ಪುಟ ಕಟ್ಟಿಕೊಳ್ಳುವ ಎಡಿಟರ್ ಮಾಡುವುದು ಪ್ರಸನ್ನನ ಕಂಪನಿ. ಅದರಲ್ಲಿ ಕಾಮೆಂಟ್ ಬರೆದಿಡಬಹುದು. ಪುಟ ಕಟ್ಟುವವರಿಗೆ ಟಿಪ್ಪಣಿ. ನೋಡುವವರ ಕಣ್ಣಿಗೆ ಬೀಳದು. ಫೋಟೋ ತೆಗೆಯಲು ಹೋಗುವವರಿಗೆಂದು ಇಂದ್ರಾಣಿ ಹೇಳಿದ್ದ ಕೀಯ ಜಾಗವನ್ನು ಕಾಮೆಂಟಿನಲ್ಲಿ ಬರೆದವಳು ಕಲ್ಯಾಣಿ. ಕೊನೆಯ ಸೇವ್ ಕೂಡ ಅವಳದೇ. ಮೊನ್ನೆಯಷ್ಟೇ ಇಂದ್ರಾಣಿ ಅವಳನ್ನು ಫೋನಿನಲ್ಲಿ ಬೈದಿದ್ದರು.

"ಸೇಡು ತೀರಿಸ್ಕೊಂಡಿದ್ದಾಳೆ. ಸಂಜೆಗೆ ಮನೆಗೆ ಕಳಿಸ್ತೀನಿ," ಎಂದ ಪ್ರಸನ್ನ.

"ಸಂಜೆವರೆಗೂ ನಂಗೆ ಬಿಡಿ ಸಾರ್," ಎಂದಳು ಎಡಿಟರಿನ ತಪ್ಪು ಹುಡುಕುವ ಟೆಸ್ಟರ್ ಕಾತ್ಯಾಯಿನಿ.

*

"ಅಕ್ಕ, ನಾನು ಕಾಮೆಂಟಲ್ಲೇ ಹಾಕಿದ್ದೆ. ಅಮ್ಮನಾಣೆ," ಎಂದಳು ಕಲ್ಯಾಣಿ.

"ಅಳೋದು ಆಮೇಲೆ. ಏನ್ ಬರ್ದೆ?"

"'ವಾರ್ಡನ್ ಇಲ್ಲದಾಗ', ಆಮೇಲೊಂದು ಬಾಣ, ಆಮೇಲೆ 'ಹಿಂಬಾಗಿಲು. ಕೀ ತುಳಸಿ ಕುಂಡದಡಿ.' ಅಷ್ಟೇ."

ಕಾತ್ಯಾಯಿನಿ ಹುಬ್ಬು ಗಂಟಿಕ್ಕಿದಳು. ಕಲ್ಯಾಣಿ ಮಧ್ಯದಲ್ಲಿಟ್ಟ ಬಾಣ ಪುಟದ ಮೇಲೆ ಮಾಯ. ಅವಳು ಇಡದೇ ಇದ್ದ ಬಾಣ ಕೊನೆಯಲ್ಲಿ ಹಾಜರು. ಸೇಡು ತೀರಿಸಿಕೊಳ್ಳುವವರು ಅರ್ಧ ಮಾತ್ರ ಯಾಕೆ ಬಯಲು ಮಾಡುತ್ತಾರೆ?

ಬೆಳಿಗ್ಗೆ ಕಲ್ಯಾಣಿ ಕಳಿಸಿದ್ದ ಮೆಸೇಜು ನೆನಪಾಯಿತು: 'ಬನಶಂಕರಿ --> ಆಫೀಸು. ಹತ್ತು ನಿಮಿಷ ಲೇಟ್ ಅಕ್ಕ.'

"ಬಾಣ ಯಾವಾಗ್ಲೂ ಹೀಗೇನಾ?"

"ಕೊರಿಯರ್ ಆಫೀಸಲ್ಲಿ ಮೂರು ವರ್ಷ ಇದ್ನಲ್ಲಕ್ಕ. ಬಿಳೇಕಹಳ್ಳಿ ಬಾಣ ಕೋಣನಕುಂಟೆ, ದಿನಕ್ಕೆ ಇನ್ನೂರು. ಎರಡು ಗೀಟು, ಒಂದು ಮೊನೆ. ಕೈ ತಾನಾಗೇ ಹೋಗುತ್ತೆ."

ಕಾತ್ಯಾಯಿನಿ ನಕ್ಕುಬಿಟ್ಟಳು.

*

ನಾಲ್ಕು ಗಂಟೆ. ಎಲ್ಲರೂ ಸೇರಿದ್ದರು. ಫೋನಿನ ಸ್ಪೀಕರಿನಲ್ಲಿ ಇಂದ್ರಾಣಿ. ಕಾತ್ಯಾಯಿನಿ ವಿವರಿಸಿದಳು.

"ಕಾಮೆಂಟ್ ಮುಗೀತು ಅನ್ನೋಕೆ ಪುಟ ತೋರ್ಸೋ ಬ್ರೌಸರಿಗಿರೋ ಗುರುತೇ ಎರಡು ಗೀಟು, ಒಂದು ಮೊನೆ. ಕಲ್ಯಾಣಿಯ ಬಾಣ ನೋಡಿ ಅಲ್ಲಿಗೇ ಮುಗೀತು ಅಂದ್ಕೊಂಡ್ತು. ಮಿಕ್ಕಿದ್ದು ಹೊರಗೆ ಚೆಲ್ತು. ನಮ್ಮ ಎಡಿಟರ್ ಹಾಕಿದ ಅಸಲಿ ಗುರುತು ಕೆಲ್ಸ ಇಲ್ದೆ ಪುಟದ ಮೇಲೆ ನಿಂತ್ಕೊಂಡ್ತು."

"ಹಾಗಾದ್ರೆ ತಪ್ಪು ಯಾರ್ದಮ್ಮ?" ಇಂದ್ರಾಣಿ ಕೇಳಿದರು.

ಕಾತ್ಯಾಯಿನಿ ಮಾರ್ಚ್ ತಿಂಗಳ ತನ್ನ ಹಳೇ ದೂರು ತೆರೆದಳು: 'ಕಾಮೆಂಟಿನೊಳಗೆ ಮುಗಿಯುವ ಗುರುತು ಬಂದರೆ ಎಡಿಟರ್ ತಡೆಯಬೇಕು.' ಕೆಳಗೆ ಉತ್ತರ: 'ಯಾರು ಹಾಗೆ ಬರೀತಾರೆ? ಬೇಡ. ಪ್ರಸನ್ನ.'

ಪ್ರಸನ್ನ ತನ್ನದೇ ಉತ್ತರವನ್ನು ಮತ್ತೊಮ್ಮೆ ಓದಿದ.

"ನಂದೇ ತಪ್ಪು," ಎಂದ ಪ್ರಸನ್ನ. "ಸಾರಿ ಕಣಮ್ಮ ಕಲ್ಯಾಣಿ."

ಕಾತ್ಯಾಯಿನಿ ಸೇರಿಸಿದಳು: "ಇವಳದೂ ಒಂದು ತಪ್ಪಿದೆ ಸಾರ್. ಕಾಮೆಂಟ್ ಕಣ್ಣಿಗೆ ಕಾಣಲ್ಲ, ಅಷ್ಟೇ. ಪುಟದ ಸೋರ್ಸ್, ಅಂದ್ರೆ ಹಿಂದಿರೋ ಕೋಡ್, ತೆಗೆದ್ರೆ ಯಾರ್ ಬೇಕಾದ್ರೂ ಓದ್ಬಹುದು. ಅಲ್ಲಿ ಗುಟ್ಟು ಬರೀಬಾರ್ದು. ನಾವೂ ಪಬ್ಲಿಶ್ ಮಾಡೋ ಮುಂಚೆ ಕಾಮೆಂಟೆಲ್ಲ ಕಿತ್ತುಹಾಕ್ಬೇಕು."

ಆರಕ್ಕೆ ಬಾಣ ತಡೆಯುವ, ಕಾಮೆಂಟ್ ಕಿತ್ತುಹಾಕುವ ಎರಡೂ ಕಾವಲು ತಯಾರಾದವು. ಕಲ್ಯಾಣಿ ಬಾಣ ಒತ್ತಿದಳು. ಎಡಿಟರ್ ತಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಇನ್ನೇನೋ ಒತ್ತಿ ನೋಡುತ್ತಿದ್ದಳು.

"ಅಕ್ಕ, ಅರ್ಜೆಂಟ್ ಪಾರ್ಸೆಲ್‌ಗೆ ಗೀಟು, ಮೊನೆ ಮಧ್ಯೆ ಒಂದು ಆಶ್ಚರ್ಯಸೂಚಕ ಹಾಕ್ತಿದ್ವಿ. ಅದು ಈ ಕಾವಲು ದಾಟ್ಕೊಂಡು ಹೋಗ್ತಿದೆ! ಬ್ರೌಸರ್ ಅದಕ್ಕೂ ಕಾಮೆಂಟ್ ಮುಗಿಸ್ತಿದೆ!"

"ಯಾರು ಹಾಗೆ..." ಎಂದು ಬಾಯಿ ತೆರೆದ ಪ್ರಸನ್ನ ಮಾತು ನುಂಗಿಕೊಂಡ.

ಕಾತ್ಯಾಯಿನಿಯ ಎದೆ ತುಂಬಿ ಬಂತು. ತನ್ನ ಪಕ್ಕದ ಕುರ್ಚಿಯನ್ನು ಎಳೆದಳು.

"ಇವಳು ನಾಳೆಯಿಂದ ಇಲ್ಲಿ ಕೂರ್ತಾಳೆ ಸಾರ್. ನನ್ನ ಜೊತೆ."